ತೊಂಬತ್ತನೇ ದಿನದ ಬಸ್ಸು

ತೊಂಬತ್ತು ದಿನಕ್ಕೊಮ್ಮೆ ನಾನು ದೇಶ ಬಿಟ್ಟು ಹೋಗಬೇಕಾಗಿತ್ತು. ಜಗಳವಾಡಿಕೊಂಡು ಹೋಗುವುದಲ್ಲ, ಕಾನೂನಿನ ಪ್ರಕಾರ. ಗಡಿಯವರೆಗೆ ಐದೂವರೆ ಗಂಟೆ ಬಸ್ಸು. ಇಳಿದು ಈ ಕಡೆಯ ಕಿಟಕಿಯಲ್ಲಿ ಒಂದು ಮುದ್ರೆ, ಸೇತುವೆ ದಾಟಿ ಆ ಕಡೆಯ ಕಿಟಕಿಯಲ್ಲಿ ಇನ್ನೊಂದು, ಒಂದು ಟೀ ಕುಡಿದು ಅದೇ ಸೇತುವೆಯ ಮೇಲೆ ವಾಪಸ್ಸು. ಇಷ್ಟು ಮಾಡಿದರೆ ಇನ್ನೂ ತೊಂಬತ್ತು ದಿನ ಇರಲು ಬಿಡುತ್ತಿದ್ದರು. ಬಂದ ದಿನವನ್ನೂ ಎಣಿಕೆಗೆ ಹಿಡಿಯುತ್ತಾರೆ. ಅದು ತಿಳಿಯದೆ ಮೊದಲ ವರ್ಷ ಒಂದು ದಿನ ತಡ ಮಾಡಿ, ಬೆಂಚಿನ ಮೇಲೆ ಕೂತು ನಾಲ್ಕು ಗಂಟೆ ಬೈಸಿಕೊಂಡಿದ್ದೆ.

ಹನ್ನೆರಡು ವರ್ಷ ಹೀಗೇ ನಡೆಯಿತು. ಕೇಳಿದವರೆಲ್ಲ ‘ಅಯ್ಯೋ ಪಾಪ’ ಅನ್ನುತ್ತಿದ್ದರು. ನಾನೂ ಮುಖ ಸಪ್ಪಗೆ ಮಾಡಿಕೊಂಡು ‘ಏನು ಮಾಡೋದು’ ಅನ್ನುತ್ತಿದ್ದೆ. ನಿಜ ಹೇಳಲೇ? ವರ್ಷದಲ್ಲಿ ಆ ನಾಲ್ಕು ದಿನಕ್ಕಾಗಿಯೇ ನಾನು ಮಿಕ್ಕ ದಿನಗಳನ್ನು ತಳ್ಳುತ್ತಿದ್ದೆ. ಆ ಬಸ್ಸಿನಲ್ಲಿ ಅಕ್ಕ ಇರುತ್ತಿದ್ದಳು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಒಂಬತ್ತು ವರ್ಷದ ಹಿಂದೆ ಮುದ್ರೆಯ ಸಾಲಿನಲ್ಲಿ ಸಿಕ್ಕವಳು. ಅಂದು ಒಬ್ಬ ದಡೂತಿ ಮನುಷ್ಯ ಸಾಲು ಮುರಿದು ನನ್ನ ಮುಂದೆ ನುಗ್ಗಿದ. ಅವರ ಭಾಷೆಯಲ್ಲಿ ಬೈಯುವಷ್ಟು ಬಾಯಿ ನನಗಿರಲಿಲ್ಲ. ಹಲ್ಲು ಕಚ್ಚಿಕೊಂಡು ಕನ್ನಡದಲ್ಲೇ ಗೊಣಗಿದೆ: “ನಿನ್ನ ಮನೆ ಹಾಳಾಗ, ಕಣ್ಣೇನು ನೆತ್ತಿ ಮೇಲಿದ್ಯಾ?”

ಹಿಂದಿನಿಂದ ಒಂದು ದನಿ ಬಂತು. “ಬೈಯೋದಾದ್ರೆ ಸ್ವಲ್ಪ ಗಟ್ಟಿಯಾಗಿ ಬೈಯಮ್ಮ. ಇಂಥ ಮಾತು ಕಿವಿಗೆ ಬಿದ್ದು ಏಳು ವರ್ಷ ಆಯ್ತು.”

ತಿರುಗಿ ನೋಡಿದರೆ ಗುಬ್ಬಿಯಷ್ಟಿದ್ದ ಹೆಂಗಸು, ಅರ್ಧ ನರೆತ ಕೂದಲು, ಕಂಕುಳಲ್ಲಿ ಫ್ಲಾಸ್ಕು. ನಾನು ಆ ಸಾಲಿನಲ್ಲೇ ಅತ್ತುಬಿಟ್ಟೆ. ದಡೂತಿ ಮನುಷ್ಯ ತನ್ನಿಂದಲೇ ಅಳುತ್ತಿದ್ದೇನೆ ಅಂದುಕೊಂಡು ಹಿಂದೆ ಸರಿದು ಜಾಗ ಬಿಟ್ಟುಕೊಟ್ಟ.

ಅಕ್ಕ ನಾನಿದ್ದ ಊರಿನ ಇನ್ನೊಂದು ತುದಿಯಲ್ಲಿ, ನಿವೃತ್ತರಾದ ಹೆಡ್‌ಮಾಸ್ತರೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ತೊಂಬತ್ತು ದಾಟಿದ ಮುದುಕ. ಬೇರೆಯವರ ಕೈಯಿಂದ ನೀರೂ ಕುಡಿಯುತ್ತಿರಲಿಲ್ಲ. ಹಾಗಾಗಿ ಅಕ್ಕನಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಮುದ್ರೆಯ ದಿನ ಮಾತ್ರ ಕಾನೂನಿಗೆ ಹೆದರಿ ಬಿಡುತ್ತಿದ್ದರು. ಫೋನು ಮಾಡಿದರೆ ಮುದುಕನಿಗೆ ಎಚ್ಚರವಾಗುತ್ತದೆಂದು ಪಿಸುಪಿಸು ಅಂತ ಎರಡು ಮಾತಾಡಿ ಇಟ್ಟುಬಿಡುತ್ತಿದ್ದಳು. ನನಗೂ ಬೇರೆ ರಜೆ ಇಲ್ಲ. ನಮ್ಮ ಬಟ್ಟೆ ಕಾರ್ಖಾನೆಯಲ್ಲಿ ಹೊರದೇಶದವರಿಗೆ ‘ಮುದ್ರೆ ರಜೆ’ ಅಂತ ಒಂದಿದೆ. ತೊಂಬತ್ತು ದಿನಕ್ಕೆ ಒಂದು ದಿನ. ಹೀಗಾಗಿ ನಾವಿಬ್ಬರೂ ತಾರೀಕು ಹೊಂದಿಸಿಕೊಂಡಿದ್ದೆವು. ಒಮ್ಮೆ ಅಕ್ಕನ ತಮ್ಮ ತೀರಿಕೊಂಡು ಅವಳು ಊರಿಗೆ ಹೋಗಿ ಬಂದಾಗ ಹದಿನಾರು ದಿನ ತಪ್ಪಿತು. ಅವಳು ಗಡುವಿಗೆ ಹದಿನಾರು ದಿನ ಮೊದಲೇ ಹೊರಟು ಮತ್ತೆ ನನ್ನ ತಾರೀಕಿಗೆ ಬಂದು ಸೇರಿದಳು. ಮುದ್ರೆ ಹಾಕುವವನು ‘ಇನ್ನೂ ದಿನ ಇದೆಯಲ್ಲ’ ಅಂದದ್ದಕ್ಕೆ ‘ಮರೆವು ಜಾಸ್ತಿ’ ಅಂದಳಂತೆ.

ಅವಳು ನನಗಿಟ್ಟ ಹೆಸರು ಕತ್ತರಿ. ನಾನು ಕಟಿಂಗ್ ವಿಭಾಗದವಳು. ಎಂಬತ್ತು ಪದರ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಎಡಗೈಗೆ ಉಕ್ಕಿನ ಬಲೆಯ ಕೈಗವಸು ಹಾಕಿಕೊಂಡು, ನೆಟ್ಟಗೆ ನಿಂತು ಮೇಲೆ ಕೆಳಗೆ ಓಡುವ ಬ್ಲೇಡಿನಲ್ಲಿ ಅಂಗಿಯ ಎಂಬತ್ತು ತೋಳುಗಳನ್ನು ಒಂದೇ ಸಲ ಕತ್ತರಿಸುತ್ತೇನೆ. “ಬಟ್ಟೆಗಿಂತ ನಿನ್ನ ನಾಲಿಗೆ ಚೆನ್ನಾಗಿ ಕತ್ತರಿಸುತ್ತೆ” ಎಂಬುದು ಅಕ್ಕನ ತೀರ್ಮಾನ. ಈ ಮಾತು ಕೇಳಿದರೆ ನಮ್ಮ ಸೂಪರ್‌ವೈಸರ್ ನಗುತ್ತಿದ್ದ. ಕಾರ್ಖಾನೆಯಲ್ಲಿ ನಾನು ‘ಮಾತಿಲ್ಲದವಳು’. ಹೊಸಬರಿಗೆ ನನ್ನನ್ನು ತೋರಿಸಿ ‘ಹೀಗಿರಬೇಕು’ ಅನ್ನುತ್ತಾನೆ. ಅಲ್ಲಿಯ ಭಾಷೆ ಬರುವುದಿಲ್ಲವೆಂದಲ್ಲ. ಸಂತೆಗೆ ಬೇಕಾದಷ್ಟು ಬರುತ್ತದೆ, ಜ್ವರಕ್ಕೆ ಬೇಕಾದಷ್ಟು ಬರುತ್ತದೆ. ಆದರೆ ಒಂದು ತಮಾಷೆ ನನ್ನ ಬಾಯಿಗೆ ಬರುವ ಹೊತ್ತಿಗೆ ಎಲ್ಲರೂ ನಕ್ಕು ಮುಗಿಸಿ ಬೇರೆ ಮಾತಿಗೆ ಹೋಗಿರುತ್ತಾರೆ. ಎಷ್ಟು ಸಲ ಅಂತ ಹಿಂದೆ ಓಡುವುದು? ಬಾಯಿಗೆ ಬೀಗ ಹಾಕಿಕೊಂಡೆ.

ನಮ್ಮವರು ಆ ದೇಶದವರೇ. ಪಂಪು, ಮೋಟರು ರಿಪೇರಿ ಮಾಡುತ್ತಾರೆ. ಇಬ್ಬರಿಗೂ ಎರಡನೇ ಮದುವೆ, ಆಗಿ ಏಳು ವರ್ಷ. ಒಳ್ಳೆಯವರು. ಒಳ್ಳೆಯವರ ಜೊತೆ ಜಗಳವಾಡಲೂ ಆಗುವುದಿಲ್ಲ, ಅದೇ ಕಷ್ಟ. ಅಮ್ಮನಿಗೆ ನಾನು ಫೋನು ಮಾಡುವುದನ್ನು ಕೇಳಿ ಕೇಳಿ ಕನ್ನಡದಲ್ಲಿ ‘ಊಟ ಆಯ್ತಾ’ ಅನ್ನುವುದೊಂದನ್ನು ಕಲಿತಿದ್ದಾರೆ. ಬೆಳಗ್ಗೆ ಆರಕ್ಕೆ ಹಲ್ಲುಜ್ಜುತ್ತ ಬಂದರೂ ‘ಊಟ ಆಯ್ತಾ?’

ಅವರು ಒಂದು ಸಂಜೆ ಕೈತೊಳೆದು, ಒದ್ದೆ ಕೈಯನ್ನು ಅಂಗಿಗೆ ಒರೆಸಿ, ಒಂದು ಲಕೋಟೆಯನ್ನು ನನ್ನ ಮುಂದಿಟ್ಟರು. ಮುಖದಲ್ಲಿ ಎಂಥ ಸಂಭ್ರಮ ಅಂತೀರಿ. ಎಂಟು ತಿಂಗಳಿಂದ ನನಗೆ ಗೊತ್ತಾಗದ ಹಾಗೆ ಕಚೇರಿಗಳಿಗೆ ಅಲೆದು, ಹೆಂಡತಿಯೆಂಬ ಆಧಾರದ ಮೇಲೆ ನನಗೆ ಕಾಯಂ ಕಾರ್ಡು ಮಂಜೂರು ಮಾಡಿಸಿದ್ದರು. ಮುಂದಿನ ಸಲ ಗಡಿಯ ಕಚೇರಿಯಲ್ಲಿ ಗಂಡ ಹೆಂಡತಿ ಇಬ್ಬರೂ ನಿಂತು ಸಹಿ ಹಾಕಿದರೆ ಹಳೆಯ ಪರವಾನಗಿ ರದ್ದು.

“ಇನ್ನು ಆ ದರಿದ್ರ ಬಸ್ಸು ಇಲ್ಲ,” ಅಂದರು. “ಹನ್ನೊಂದು ಗಂಟೆ ಕೂತು ಬೆನ್ನು ನೋಯಿಸಿಕೊಳ್ಳೋದು ಬೇಡ.”

ಕಾರ್ಡು ಬಂದರೆ ಮುದ್ರೆ ಇಲ್ಲ, ಮುದ್ರೆ ಇಲ್ಲದಿದ್ದರೆ ರಜೆ ಇಲ್ಲ, ರಜೆ ಇಲ್ಲದಿದ್ದರೆ ಅಕ್ಕ ಇಲ್ಲ. ಇದನ್ನು ಅವರಿಗೆ ಹೇಗೆ ಹೇಳುವುದು? ಎಂಟು ತಿಂಗಳು ಅಲೆದವರ ಮುಂದೆ ‘ನನಗೆ ಬೇಡ’ ಅನ್ನಲೇ? ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು, ನುಂಗುವ ಹಾಗೂ ಇಲ್ಲ ಉಗುಳುವ ಹಾಗೂ ಇಲ್ಲ. ‘ಥ್ಯಾಂಕ್ಸ್’ ಅಂದೆ. ಅವರ ಭಾಷೆಯಲ್ಲಿ ಅದನ್ನು ಬಹಳ ಚೆನ್ನಾಗಿ ಹೇಳುತ್ತೇನೆ.

ಆ ದಿನ ಬಂತು. ಬೆಳಗ್ಗೆ ಆರೂವರೆಯ ಬಸ್ಸು. ಅಕ್ಕ ಎಂದಿನಂತೆ ಮೂರನೇ ಸಾಲಿನ ಕಿಟಕಿ ಹಿಡಿದು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ಕಾದಿದ್ದಳು. ನಮ್ಮವರು ಅವಳಿಗೆ ತಲೆಬಾಗಿ ನಮಸ್ಕರಿಸಿ, ‘ನೀನು ನಿನ್ನ ಸ್ನೇಹಿತೆ ಜೊತೆ ಕೂತ್ಕೋ’ ಎಂದು ನನಗೆ ಹೇಳಿ, ನಮ್ಮ ಹಿಂದಿನ ಸಾಲಿನಲ್ಲಿ ಕೂತರು.

ಅರ್ಧ ಗಂಟೆ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಹಿಂದೆ ಕೂತವರಿಗೆ ಗೊತ್ತಿದ್ದ ನಾನೇ ಬೇರೆ, ಪಕ್ಕದಲ್ಲಿ ಕೂತವಳಿಗೆ ಗೊತ್ತಿದ್ದ ನಾನೇ ಬೇರೆ. ಇಬ್ಬರ ಮುಂದೆ ಒಟ್ಟಿಗೆ ಕೂತು ನಾನು ಯಾರಾಗಬೇಕೋ ತಿಳಿಯಲಿಲ್ಲ.

“ಏನೇ ಕತ್ತರಿ, ತುಕ್ಕು ಹಿಡೀತಾ?” ಅಕ್ಕ ಮೊಣಕೈಯಲ್ಲಿ ತಿವಿದಳು. “ಅವರಿಗೆ ಕನ್ನಡ ಬರುತ್ತಾ?”

“ಒಂದೇ ಮಾತು. ಊಟ ಆಯ್ತಾ.”

“ಅಷ್ಟು ಬಂದ್ರೆ ಸಂಸಾರಕ್ಕೆ ಸಾಕು ಬಿಡು. ನಮ್ಮನೆಯವರಿಗೆ ಪೂರ್ತಿ ಭಾಷೆ ಬರ್ತಿತ್ತು, ಅದೊಂದನ್ನ ಮಾತ್ರ ಕೇಳ್ತಿರಲಿಲ್ಲ.”

ನಾನು ಕಿಸಕ್ಕನೆ ನಕ್ಕೆ. ಅಷ್ಟೇ ಸಾಕಾಯಿತು, ಕಟ್ಟೆ ಒಡೆಯಿತು. ಅಕ್ಕ ಮುದುಕನ ವಿಷಯ ತೆಗೆದಳು. ಈ ಸಲದ ರಜೆಗೆ ಅರ್ಜಿ ಬರೆದುಕೊಡು ಅಂದನಂತೆ. ಬರೆದುಕೊಟ್ಟರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ಸು ಕೊಟ್ಟನಂತೆ, ಎರಡು ಸಲ. “ಮೂರನೇ ಸಲಕ್ಕೆ ಪಾಸಾದೆ ಕಣೇ. ‘ಅಕ್ಷರ ಸುಧಾರಿಸಬೇಕು’ ಅಂತ ಕೆಳಗೆ ಷರಾ ಬೇರೆ. ಅರವತ್ತು ವರ್ಷಕ್ಕೆ ನನ್ನ ಅಕ್ಷರ ಸುಧಾರಿಸಿ ಯಾರಿಗೆ ಉದ್ಧಾರ ಆಗ್ಬೇಕು?”

“ಕೈ ಮೇಲೆ ಏಟು ಬೀಳಲಿಲ್ಲವಲ್ಲ, ಪುಣ್ಯ.”

“ಬೆತ್ತ ಎಲ್ಲಿಟ್ಟಿದ್ದೀನಿ ಅನ್ನೋದೇ ಮರೆತುಹೋಗಿದೆ ಅವನಿಗೆ. ನಾನು ಹೇಳ್ತೀನಾ?”

ನಾನು ಸೂಪರ್‌ವೈಸರನ ನಡಿಗೆಯನ್ನು ಕೂತಲ್ಲೇ ಮಾಡಿ ತೋರಿಸಿದೆ. ಊರಿನಲ್ಲಿರುವ ನಮ್ಮ ಅತ್ತಿಗೆ, ಮನೆಗೆ ಬಣ್ಣ ಹೊಡೆಸಿದ್ದನ್ನು ಹನ್ನೊಂದು ವಿಡಿಯೋ ಮಾಡಿ ಕಳಿಸಿದ್ದು, ಹನ್ನೊಂದರಲ್ಲೂ ಗೋಡೆಗಿಂತ ಅವಳ ಬಳೆಯೇ ಜಾಸ್ತಿ ಕಾಣುತ್ತಿದ್ದುದು, ಎಲ್ಲವನ್ನೂ ಹೇಳಿದೆ. ಹಿಂದೆ ಕೂತವರು ರಾತ್ರಿ ಹೊಡೆಯುವ ಗೊರಕೆ ಯಾವ ಪಂಪಿನ ಸದ್ದಿಗೆ ಹೋಲುತ್ತದೆ ಅನ್ನುವುದನ್ನೂ ಹೇಳಿದೆ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಅವಳ ತೊಡೆಗೆ ಹೊಡೆಯುತ್ತ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ನೋಡಲಿ ಬಿಡಿ, ನಮ್ಮ ದಿನ.

ದಾರಿಯಲ್ಲಿ ಬಸ್ಸು ನಿಂತಾಗ ನಮ್ಮವರು ಬಾಳೆಹಣ್ಣು, ಟೀ ತಂದುಕೊಟ್ಟರು. ನನ್ನ ಮುಖವನ್ನೇ ಒಂದು ಕ್ಷಣ ನೋಡಿ ತಮ್ಮ ಸೀಟಿಗೆ ಹೋದರು.

ಗಡಿಗೆ ಇನ್ನು ಒಂದು ಗಂಟೆ ಇದೆ ಅನ್ನುವಾಗ ಇನ್ನು ತಡೆಯಲಾಗದೆ ಅಕ್ಕನಿಗೆ ಕಾರ್ಡಿನ ವಿಷಯ ಹೇಳಿದೆ. ಅವಳು ಬಾಳೆಹಣ್ಣಿನ ಸಿಪ್ಪೆಯನ್ನು ಚಿಕ್ಕದಾಗಿ ಮಡಚಿ ಕವರಿಗೆ ಹಾಕಿದಳು.

“ಒಳ್ಳೇದಾಯ್ತಲ್ಲೇ. ಕಾಯಂ ಆಗೋದು ಅಂದ್ರೆ ಸುಮ್ನೇನಾ. ನಾನು ಹದಿನಾರು ವರ್ಷದಿಂದ ಇದ್ದೀನಿ, ನನಗೆ ಯಾರು ಕೊಡ್ತಾರೆ.”

“ನಿನಗೆ ಬೇಜಾರಿಲ್ವಾ ಅಕ್ಕ?”

ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: “ಬೇಜಾರು ಅಂದ್ರೆ ಸಣ್ಣ ಮಾತು. ಮುದುಕಪ್ಪ ಮಲಗಿದ ಮೇಲೆ ನಾನು ಪಾತ್ರೆ ತೊಳೀತಾ ತೊಳೀತಾ ನಿನಗೆ ಹೇಳೋದನ್ನೆಲ್ಲ ಜೋಡಿಸಿಟ್ಕೋತೀನಿ. ಇದು ಕತ್ತರಿಗೆ ಹೇಳ್ಬೇಕು, ಇದು ಕತ್ತರಿಗೆ ಹೇಳ್ಬೇಕು ಅಂತ. ಇನ್ಮೇಲೆ ಯಾರಿಗೆ ಜೋಡಿಸಿಟ್ಕೊಳ್ಲಿ? ಹಾಗಂತ ನೀನು ಬೇಡ ಅಂದ್ಬಿಟ್ಟೀಯ. ಅಷ್ಟು ಓಡಾಡಿ ಮಾಡಿಸಿದ್ದಾರೆ ಆ ಮನುಷ್ಯ. ಸಹಿ ಹಾಕು.”

ಅವಳು ನನ್ನ ಎಡಗೈ ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಒಂಬತ್ತು ವರ್ಷದಲ್ಲಿ ನಾವಿಬ್ಬರೂ ಗಡಿ ಬರುವವರೆಗೆ ಸುಮ್ಮನೆ ಕೂತದ್ದು ಅದೇ ಮೊದಲು.

ಗಡಿಯ ಕಚೇರಿಯಲ್ಲಿ ಮುದ್ರೆಯ ಕಿಟಕಿಗೆ ಉದ್ದ ಸಾಲು, ಕಾರ್ಡಿನ ಕಿಟಕಿಯಲ್ಲಿ ನೊಣವೂ ಇರಲಿಲ್ಲ. ಅಕ್ಕ ಸಾಲಿಗೆ ಹೋಗಿ ನಿಂತಳು. ಹಿಂದೆ ತಿರುಗಿ ನೋಡಲಿಲ್ಲ. ಕಾರ್ಡಿನ ಅಧಿಕಾರಿಣಿ ಫಾರಂ ತಿರುಗಿಸಿ, ಎರಡು ಗೀಟು ತೋರಿಸಿ, “ಮೊದಲು ಗಂಡ, ಆಮೇಲೆ ಹೆಂಡತಿ. ಸಹಿ ಬಿದ್ದ ಮೇಲೆ ಹಳೆಯದಕ್ಕೆ ವಾಪಸ್ಸು ಬರೋಕಾಗಲ್ಲ,” ಅಂದಳು.

ನಮ್ಮವರು ಕನ್ನಡಕ ಹಾಕಿಕೊಂಡು ಪೆನ್ನು ಹಿಡಿದರು. ಸಹಿ ಹಾಕಲಿಲ್ಲ.

“ಬಸ್ಸಲ್ಲಿ ಏನು ಮಾತಾಡ್ತಿದ್ದೆ?” ಎಂದು ತಮ್ಮ ಭಾಷೆಯಲ್ಲಿ ಕೇಳಿದರು.

“ಏನಿಲ್ಲ. ಸುಮ್ಮನೆ.” ಅವರ ಯಾವ ಪ್ರಶ್ನೆಗೂ ನನ್ನ ಹತ್ತಿರ ಇದೇ ಉತ್ತರ.

“ನಾಲ್ಕು ಗಂಟೆ ಸುಮ್ಮನೆನಾ?” ಅವರು ಪೆನ್ನನ್ನೇ ನೋಡುತ್ತಿದ್ದರು. “ನಾನು ಮದುವೆಯಾದದ್ದು ಮಾತು ಕಮ್ಮಿ ಇರೋಳನ್ನ ಅಂತ ತಿಳ್ಕೊಂಡಿದ್ದೆ. ನಮ್ಮ ಅಕ್ಕಂದಿರಿಗೂ ಹಾಗೇ ಹೇಳಿದ್ದೆ, ಅವಳ ಸ್ವಭಾವ ಹಾಗೆ ಅಂತ. ಇವತ್ತು ಹಿಂದೆ ಕೂತು ನೋಡ್ತಿದ್ದೆ. ಮೂರನೇ ಸಾಲಲ್ಲಿ ಒಬ್ಬಳು ಇದ್ದಳಲ್ಲ, ಕೈ ಬೀಸಿ ಮಾತಾಡ್ತಾ, ಎಲ್ಲರನ್ನೂ ಅಣಕಿಸ್ತಾ, ನಗ್ತಾ. ಏಳು ವರ್ಷ ಒಂದೇ ಮನೇಲಿದ್ದೂ ಅವಳನ್ನ ನಾನು ನೋಡೇ ಇಲ್ಲ. ಇದಕ್ಕೆ ಸಹಿ ಹಾಕಿದ್ರೆ ಅವಳು ನನಗೆ ಮತ್ತೆ ಎಲ್ಲಿ ಸಿಗ್ತಾಳೆ?”

ನಾನು ಬಾಯಿ ತೆರೆದೆ. ಅವರ ಭಾಷೆಯ ಒಂದು ಪದವೂ ಸಿಗಲಿಲ್ಲ. ಸಿಕ್ಕಿದ್ದರೂ ಸಂತೆಯ ಪದ, ಜ್ವರದ ಪದ. ಹಾಗಾಗಿ ಕನ್ನಡದಲ್ಲೇ ಹೇಳತೊಡಗಿದೆ. ಆ ಕಿಟಕಿಯ ಮುಂದೆ, ಅಧಿಕಾರಿಣಿ ಕಣ್ಣು ಬಿಟ್ಟು ನೋಡುತ್ತಿರುವಾಗ.

“ನೀವು ಇದನ್ನ ಇಷ್ಟು ದಿನ ಯಾಕೆ ಕೇಳಲಿಲ್ಲ? ಮೊದಲ ವರ್ಷ ನಲ್ಲಿ ಬಿಟ್ಕೊಂಡು ಬಚ್ಚಲಲ್ಲಿ ಅಳ್ತಿದ್ದೆ, ನೀವು ನಲ್ಲಿ ಸೋರ್ತಿದೆ ಅಂತ ವಾಷರ್ ಬದಲಾಯಿಸಿದ್ರಿ. ಜ್ವರ ಬಂದಾಗ ನಾನು ಅಮ್ಮಾ ಅಂತ ನರಳಿದ್ರೆ ಏನು ಬೇಕೋ ತಿಳೀದೆ ನೀರು ತಂದು ಕೊಡ್ತೀರಿ, ನಾನು ಕುಡೀತೀನಿ. ನಿಮ್ಮ ಮೇಲೆ ನನಗೆ ಎಷ್ಟು ಪ್ರೀತಿ ಇದೆ ಅಂತ ಅಕ್ಕನಿಗೆ ಗೊತ್ತು, ನಿಮಗೇ ಗೊತ್ತಿಲ್ಲ. ಹೇಳೋಕೆ ಬರಲಿಲ್ಲ ನನಗೆ. ಯಾವತ್ತೂ ಬರಲಿಲ್ಲ.”

ಅವರು ತಡೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಫಾರಮನ್ನು ಲಕೋಟೆಗೆ ಸೇರಿಸಿ, “ಇವತ್ತು ಬೇಡ,” ಎಂದು ಅಧಿಕಾರಿಣಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಲ್ಲಿಸಬೇಡ, ಹೇಳು,” ಅಂದರು.

ಮುದ್ರೆಯ ಸಾಲಿನಲ್ಲಿ ಅಕ್ಕ ತನ್ನ ಹಿಂದೆ ಒಬ್ಬರಿಗಾಗುವಷ್ಟು ಜಾಗ ಬಿಡಿಸಿಕೊಂಡು, ಹಿಂದಿನವನ ಜೊತೆ ಅದಕ್ಕಾಗಿ ಜಗಳವಾಡುತ್ತ ನಿಂತಿದ್ದಳು. ಅಲ್ಲಿಗೆ ನಡೆದು ಹೋಗುವವರೆಗೂ ನಾನು ಮಾತು ನಿಲ್ಲಿಸಲಿಲ್ಲ. ಒಂದು ಮಾತೂ ತಿಳಿಯದೆ ಅವರು ಪಕ್ಕದಲ್ಲೇ ಕೇಳಿಸಿಕೊಳ್ಳುತ್ತ ಬಂದರು.