ಸನ್ಯಾಸಿನಿಯರ ತಿರುವು

ಟಿಕಟಿಕ ಟಿಕಟಿಕ — ಮತ್ತೆ ಬಂತು, ಅವನೇ, ಪೆಡಲ್ ತುಳಿಯುವುದು ಬಿಟ್ಟಾಗಲೆಲ್ಲ ಜೊಯೆಲ್‌ನ ಹಿಂದಿನ ಚಕ್ರ ಹೀಗೆ ಮಿಡತೆಯ ಹಾಗೆ ಕಿರುಗುಟ್ಟುತ್ತದೆ, ತಿರುಗಿ ನೋಡುವುದೇ ಬೇಡ, ಮಗಾಲಿಯ ಚಕ್ರಕ್ಕೆ ಮೂತಿ ಅಂಟಿಸಿಕೊಂಡು ಬರುತ್ತಿದ್ದಾನೆ, ನಡುವೆ ಒಂದು ಮೊಳ ಜಾಗವಿಲ್ಲ, ಬಲಗಡೆಯಿಂದ ಮಿಸ್ತ್ರಾಲ್ ಗಾಳಿ ಕಪಾಳಕ್ಕೆ ಬಾರಿಸುತ್ತಿದೆ, ಅದಕ್ಕೇ ಅವನು ಚೂರು ಎಡಕ್ಕೆ ಸರಿದು ಅವಳ ಮರೆ ಹಿಡಿದಿದ್ದಾನೆ, ಗಾಳಿ ಸೀಳುವುದು ಅವಳು, ಸುಖ ಪಡುವುದು ಅವನು, ಪಡಲಿ, ಇವತ್ತು ಪಡಲಿ, ಇಷ್ಟು ಹತ್ತಿರವೇ ಇರಲಿ. ಎರಡೂ ಕಡೆ ಕೊಯ್ಲು ಮುಗಿದ ದ್ರಾಕ್ಷಿಸಾಲು, ಎಲೆ ಕೆಂಪಾಗುತ್ತಿದೆ, ಕತ್ತರಿಗೆ ಸಿಗದೆ ಉಳಿದ ಗೊಂಚಲುಗಳ ಮೇಲೆ ಕಣಜಗಳು ಮುತ್ತಿವೆ, ಎಲ್ಲಿಂದಲೋ ಹೊಸ ವೈನು ಹುಳಿಯುವ ವಾಸನೆ, ಗಂಟಲು ಕೆರೆಯುವ ವಾಸನೆ. ಏನ್ ಮಗಾಲಿ, ಹಿಂದಿನಿಂದ ಅವನ ದನಿ, ಇವತ್ತು ಕಾಲಿಗೆ ಯಾವ ದೆವ್ವ ಹೊಕ್ಕಿದೆ, ನಮಗಿಂತ ಮೊದಲು ಊರಿನ ಬೋರ್ಡು ಹೊಡೀಬೇಕು ಅಂತಿದೀಯಾ. ಹೊಡೀತೀನಿ, ನೀನು ಹಿಂದೇನೇ ಇರು. ಇರ್ತೀನಿ ಬಿಡು, ಹಿಂದಿನಿಂದ ನೋಟ ಚೆನ್ನಾಗಿದೆ. ಥೂ, ಮುದಿ ಹೋತ, ಅದು ಬೇಕರಿಯ ಸೋಲಾಂಜ್, ಅವಳ ಹಿಂದೆ ಉಳಿದವರ ನಗು, ಇಡೀ ಸೈಕಲ್ ಸಂಘ ನಗುತ್ತದೆ, ಜೊಯೆಲ್ ಏನು ಅಂದರೂ ಇವರಿಗೆ ನಗು. ಭಾನುವಾರ ಬಂತೆಂದರೆ ಇದೇ, ಬೆಟ್ಟದ ಮೇಲಿನ ಬಯಲಿಗೆ ಹತ್ತುವುದು, ತೋಟಗಳನ್ನು ದಾಟುವುದು, ಆಮೇಲೆ ಕಮರಿಯ ಅಂಚು ಹಿಡಿದು ಸೆರ್‌ವಾಲ್‌ಗೆ ಇಳಿಯುವುದು, ಊರಿನ ಹೆಸರು ಬರೆದ ಬೋರ್ಡನ್ನು ಯಾರು ಮೊದಲು ದಾಟುತ್ತಾರೋ ಅವರ ಪಾಸ್ತಿಸ್ ಉಳಿದವರ ಲೆಕ್ಕಕ್ಕೆ, ಒಂದು ಲೋಟ ಸೋಂಪಿನ ಹೆಂಡ, ಅಷ್ಟೇ, ಅದಕ್ಕಾಗಿ ಗಂಡಸರು ಮೊಮ್ಮಕ್ಕಳು ಹುಟ್ಟಿದ ಮೇಲೂ ಪ್ರಾಣ ಬಿಡುವ ಹಾಗೆ ತುಳಿಯುತ್ತಾರೆ. ಪ್ರಾಣ ಬಿಡಲಿ, ತಮ್ಮದನ್ನು ಬಿಡಲಿ, ಇನ್ನೊಬ್ಬರದನ್ನು ಯಾಕೆ —

ಹ್ಯಾಂಡಲ್ ಮೇಲೆ ಸುಮ್ಮನೆ ಕೂತ ಎಡಗೈ, ಜೊಯೆಲ್‌ನದು. ಅವಳು ಅದನ್ನು ನೋಡಿದವಳಲ್ಲ, ಗಂಡ ಸೈಕಲ್ಲಿಂದ ಬಿದ್ದ ಆ ದಿನ ಮನೆಯಲ್ಲಿ ಚೆಸ್ಟ್‌ನಟ್ ಸುಲಿಯುತ್ತಿದ್ದಳು, ಸೋಲಾಂಜ್ ಹೇಳಿದ್ದು, ಅಂಗಡಿಯ ಕೌಂಟರಿನ ಮೇಲೆ ಬಾಗಿ, ಸಣ್ಣ ದನಿಯಲ್ಲಿ, ನಾನು ಮೂರನೆಯವಳು ಕಣೇ ಮಗಾಲಿ, ಮುಂದೆ ಜೊಯೆಲ್, ಅವನ ಹಿಂದೆ ನಿನ್ನ ವಿಕ್ತೋರ್, ಇಳಿಜಾರಲ್ಲಿ ಆ ಸನ್ಯಾಸಿನಿಯರ ತಿರುವಲ್ಲಿ ನೊರಜುಗಲ್ಲು ಬಿದ್ದಿತ್ತು, ಚಕ್ರ ಜಾರೋ ಜಲ್ಲಿ, ಜೊಯೆಲ್ ಪಕ್ಕಕ್ಕೆ ಸರಿದು ದಾಟಿದ, ಅವನ ಕೈ ಹ್ಯಾಂಡಲ್ ಮೇಲೇ ಇತ್ತು, ಎಡಗೈ, ಹಿಂದಿನವರಿಗೆ ಎಚ್ಚರಿಕೆ ಕೊಡೋಕೆ ಇಳಿಸಲೇ ಇಲ್ಲ, ನಾನಂದೆ ಅಂತ ಎಲ್ಲೂ ಹೇಳ್ಬೇಡ. ಬೋರ್ಡು ಹತ್ತಿರ ಬಂದಿತ್ತಲ್ಲ, ವಿಕ್ತೋರ್ ಜೋರಿದ್ದನಲ್ಲ, ಕೈ ಇಳಿಸಿದ್ದರೆ ವಿಕ್ತೋರನೂ ದಾಟುತ್ತಿದ್ದ, ದಾಟಿದ್ದರೆ ಗೆಲ್ಲುತ್ತಿದ್ದ. ಅವಳ ಗಂಡ ಕಲ್ಲುಗೋಡೆಗೆ ಬಡಿದು ಸೊಂಟದ ಮೂಳೆ ಮುರಿದುಕೊಂಡು ಬಿದ್ದಿದ್ದಾಗ ಅವನು ಕೆಳಗೆ ಬೋರ್ಡಿನ ಹತ್ತಿರ ಎರಡೂ ಕೈ ಮೇಲೆತ್ತಿದ್ದನಂತೆ. ಆಗ ಮಾತ್ರ ಎತ್ತಲು ಬಂತು ಕೈ. ಆಸ್ಪತ್ರೆಗೆ ಬಾದಾಮಿ ಮಿಠಾಯಿ ತಂದ, ಹಾಸಿಗೆಯ ತುದಿಗೆ ಕೂತು ಅತ್ತ, ಕಾಣ್ಲಿಲ್ಲ ಕಣೋ ವಿಕ್ತೋರ್, ತಾಯಾಣೆ, ನೆರಳಿತ್ತು, ಕಾಣ್ಲಿಲ್ಲ. ವಿಕ್ತೋರ್ ಅವನ ಬೆನ್ನು ಸವರಿದ. ಮೂಳೆ ಮುರಿದವನು ಮುರಿಸಿದವನ ಬೆನ್ನು ಸವರುವುದು! ಅವಳು ಹೊರಗೆ ಹೋಗಿ ಮಿಠಾಯಿ ಡಬ್ಬ ಕಸದ ಬುಟ್ಟಿಗೆ ಹಾಕಿದಳು. ಸೋಲಾಂಜ್ ಹೇಳಿದ್ದನ್ನು ಆಮೇಲೊಮ್ಮೆ ಬಾಯಿಬಿಟ್ಟು ಹೇಳಿದರೆ ವಿಕ್ತೋರ್ ಸೂಪಿನ ಬಟ್ಟಲಿನಿಂದ ತಲೆಯೆತ್ತದೆ, ಬಿಡೇ, ಇಳಿಜಾರಲ್ಲಿ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಎಲ್ಲ ಮುಗಿದಿರುತ್ತೆ, ಟೈಮೇ ಸಿಗಲ್ಲ, ಅವನು ನನ್ನ ಜೊತೆ ಒಂದೇ ಬೆಂಚಲ್ಲಿ ಕೂತು ಅಕ್ಷರ ಕಲಿತವನು. ಟೈಮ್ ಸಿಗಲ್ಲವಂತೆ. ಅದೇ ವಿಕ್ತೋರ್ ಈಗ ಬಳ್ಳಿ ಸವರಲು ಬಗ್ಗಲಾರದೆ ಸಾಲಿನ ನಡುವೆ ಸ್ಟೂಲು ಎಳೆದುಕೊಂಡು ಒಂದೊಂದು ಗಿಡಕ್ಕೂ ಕೂತು ಎದ್ದು ಕೂತು ಎದ್ದು, ಚಳಿಗಾಲವೆಲ್ಲ ಆ ಸ್ಟೂಲಿನ ಕಾಲು ಮಣ್ಣಲ್ಲಿ ಮಾಡುವ ತೂತುಗಳು, ಸಾಲುಸಾಲು ತೂತು, ಜೊಯೆಲ್ ಬಂದು ನೋಡಿದ್ದಾನೆಯೇ ಆ ತೂತುಗಳನ್ನು. ಸೈಕಲ್ ತುಕ್ಕು ಹಿಡಿಯೋದು ಬೇಡ, ನೀನೇ ತುಳಿ, ಅಂತ ಸೀಟು ಇಳಿಸಿಕೊಟ್ಟವನೂ ವಿಕ್ತೋರನೇ, ಊರುಗೋಲು ಹಿಡಿದು ತೋಟದ ದಾರಿಯಲ್ಲಿ ನಿಂತು ಕಲಿಸಿದ, ನಿನ್ನ ಹಿಂದೆ ಇರೋನಿಗೆ ನಿನ್ನ ಬೆನ್ನು ಬಿಟ್ರೆ ಏನೂ ಕಾಣಲ್ಲ ಕಣೇ ನನ್ನ ಮುದ್ದು ಕೋಳಿ, ಹಳ್ಳ ಬಂತು, ಕೈ ಇಳಿಸು, ಗಾಜು ಬಂತು, ಇಳಿಸು, ನೊರಜು, ಇಳಿಸು, ಬೆರಳು ಆಡಿಸು, ಹಿಂದಿರೋನು ನಿನ್ನ ಶತ್ರು ಆಗಿದ್ರೂ ಇಳಿಸು. ಹಾಗಂದನೇ? ಶತ್ರು ಅಂದನೇ? ನಗುತ್ತಾ ಅಂದಿರಬೇಕು. ಅವನಿಗೆ ಶತ್ರು ಅಂದರೆ ಏನು ಗೊತ್ತು, ಬಳ್ಳಿಗೆ ಬರುವ ಬೂಷ್ಟು ಬಿಟ್ಟರೆ.

ಟಿಕಟಿಕ. ದ್ರಾಕ್ಷಿ ಮುಗಿಯಿತು, ಇನ್ನು ಇಳಿಜಾರು, ಒಂದು ಕಡೆ ಸುಣ್ಣಗಲ್ಲಿನ ಬಂಡೆ ತಲೆಯ ಮೇಲೆ ಬಾಗಿದೆ, ಇನ್ನೊಂದು ಕಡೆ ಮೊಣಕಾಲೆತ್ತರದ ಗೋಡೆ, ಅದರಾಚೆ ಬರೀ ಗಾಳಿ, ಬಹಳ ಕೆಳಗೆ ಹಸಿರು ನೀರು. ನಿನ್ನೆ ಸಂಜೆ ಈ ದಾರಿಯಲ್ಲಿ ಬುಟ್ಟಿಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಅವಳು ಇಳಿದಳು, ಬಿರುಮಳೆ ಆಗಷ್ಟೇ ನಿಂತಿತ್ತು, ಸನ್ಯಾಸಿನಿಯರ ತಿರುವಿನಲ್ಲಿ ಬಂಡೆಯ ಸಂದಿನಿಂದ ಕೊಚ್ಚಿಬಂದ ನೊರಜು ದಾರಿಯ ತುಂಬ ಹರಡಿತ್ತು, ಬಲತುದಿಯಲ್ಲಿ ಮಾತ್ರ ಹ್ಯಾಂಡಲ್ ಅಗಲದಷ್ಟು ಚೊಕ್ಕ ಜಾಗ. ಹಾಗೆ ಕಂಡವರು ಗುಡಿಸಬೇಕು, ಆಗದಿದ್ದರೆ ಒಂದು ಕೊಂಬೆ ಮುರಿದು ದಾರಿಗೆ ಅಡ್ಡ ಇಡಬೇಕು, ಈ ಕಡೆ ಎಲ್ಲರೂ ಮಾಡುವುದು ಅದೇ, ವ್ಯಾನಿನಲ್ಲಿ ಸಲಿಕೆ ಇತ್ತು, ಪೊರಕೆ ಇತ್ತು, ಅವಳು ಇಳಿದು ನಿಂತಳು, ನಿಂತೇ ಇದ್ದಳು, ಬಂಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಆಮೇಲೆ ವ್ಯಾನಿನ ಬಾಗಿಲು ಹಾಕಿಕೊಂಡು ಹೊರಟುಬಿಟ್ಟಳು. ಮನೆಯಲ್ಲಿ ವಿಕ್ತೋರ್, ದಾರಿ ಹೇಗಿದೆ. ಚೆನ್ನಾಗಿದೆ. ಅಷ್ಟೇ. ಚೆನ್ನಾಗಿದೆ, ಜೊಯೆಲ್‌ಗೆ ಚೆನ್ನಾಗಿದೆ, ಅವನ ಅಳತೆಗೇ ಹೊಲಿದ ಹಾಗಿದೆ. ಮೊದಲ ತಿರುವು, ಎರಡನೆಯದು, ಸೋಲಾಂಜ್‌ಳ ದನಿ ಎಷ್ಟೋ ಹಿಂದೆ ಉಳಿಯಿತು, ಒಳ್ಳೆಯದು, ಅವಳು ಬೇಡ, ಇವನೊಬ್ಬ ಸಾಕು, ಕಣ್ಣಲ್ಲಿ ನೀರು, ಗಾಳಿಗೆ ಬಂದ ನೀರು, ಮಗಾಲೀ, ನಿನ್ನ ಗಂಡನ ಮುಂದೇನೇ ನಿನ್ನ ಸೋಲಿಸ್ತೀನಿ ನೋಡ್ತಾ ಇರು! ವಿಕ್ತೋರ್ ಈಗ ಅಲ್ಲಿ, ಬೋರ್ಡಿನ ಕೆಳಗೆ, ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ, ಯಾರು ಮೊದಲು ಅಂತ ತೀರ್ಪು ಹೇಳುವವನು ಅವನು, ತುಳಿಯಲಾರದವನಿಗೆ ಇವರು ಕೊಟ್ಟ ಭಿಕ್ಷೆ. ನೆರಳು. ಬಂಡೆಯ ಬಾಯೊಳಗೆ ನುಗ್ಗಿದ ಹಾಗೆ ಕತ್ತಲು ತಂಪು, ನೆರಳಿತ್ತು ಕಾಣ್ಲಿಲ್ಲ ಅಂದನಲ್ಲ, ನೋಡೋಣ, ಕಾಣುತ್ತದೋ ಇಲ್ಲವೋ ನೋಡೇಬಿಡೋಣ — ಕಂಡಿತು. ಬೆಳ್ಳಗೆ. ಹಾಲು ಚೆಲ್ಲಿದ ಹಾಗೆ ಬೆಳ್ಳಗೆ, ಅಷ್ಟು ದೂರದಿಂದ. ಮತ್ತು ಟೈಮ್ ಇದೆ. ವಿಕ್ತೋರ್, ಟೈಮ್ ಇದೆ ಕಣೋ, ಬೇಕಾದಷ್ಟಿದೆ, ಕೈ ಇಳಿಸಬಹುದು, ಎತ್ತಬಹುದು, ಮತ್ತೆ ಇಳಿಸಬಹುದು, ಹೆಸರು ಹಿಡಿದು ಕೂಗಬಹುದು, ಆ ದಿನ ಜೊಯೆಲ್‌ಗೂ ಕಂಡಿತ್ತು, ಕಂಡೇ ಇತ್ತು, ಈಗಲೂ ಇದೆ ಟೈಮ್, ಹ್ಯಾಂಡಲ್ ಮೇಲೆ ಎಡಗೈ, ಉಬ್ಬಿದ ನರ, ಉಗುರಿನ ಸಂದಿನಲ್ಲಿ ದ್ರಾಕ್ಷಿಯ ಕಪ್ಪು, ಇನ್ನೂ ಇದೆ — ಬಲಕ್ಕೆ, ಚೊಕ್ಕ ಜಾಗ, ದಾಟಿದಳು.

ಟಿಕಟಿಕ ನಿಂತಿತು. ಆಮೇಲೆ ಜಲ್ಲಿ ಸುರಿದ ಸದ್ದು, ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು, ಇನ್ನೊಂದು ಸದ್ದು, ಮೆತ್ತನೆಯದು, ಮೂಟೆ ಎತ್ತಿಹಾಕಿದ ಹಾಗೆ. ತಿರುಗಿ ನೋಡಬೇಡ. ಆ ದಿನ ಅವನು ತಿರುಗಿ ನೋಡಿದ್ದನೇ? ತುಳಿ. ಮೇಲೆ ಯಾರೋ ಕೂಗುತ್ತಿದ್ದಾರೆ, ಸೋಲಾಂಜ್, ಜೊಯೆಲ್, ಜೊಯೆಲ್, ದೇವರೇ, ಗೋಡೆ, ಗೋಡೆಯಾಚೆ ಬೀಳ್ತಾನೆ, ಹಿಡ್ಕೊಳ್ರೋ ಅವನನ್ನ, ಕಮರಿ ಆ ಕೂಗನ್ನು ಆಚೆ ಬಂಡೆಗೆ ಹೊಡೆದು ವಾಪಸು ತಂದುಕೊಡುತ್ತಿದೆ, ತುಳಿ, ಇದೇ ತಾನೇ ಬೇಕಾಗಿತ್ತು, ಇದಕ್ಕೇ ತಾನೇ ಇಷ್ಟು ಭಾನುವಾರ ಅವನ ಕೊಳಕು ಮಾತಿಗೆ ಹಲ್ಲು ಕಿರಿದದ್ದು, ಹಾಯಾಗಿರಬೇಕಿತ್ತು ಎದೆ, ಯಾಕೆ ಉಸಿರು ಮಾತ್ರ ಬರುತ್ತಿದೆ, ಬೇರೇನೂ ಬರುತ್ತಿಲ್ಲ. ದೂರದಲ್ಲಿ ಹಳೇ ಕೋಟೆಯ ಬಾಗಿಲು, ಇಗರ್ಜಿ, ಅದಕ್ಕಿಂತ ಈಚೆ ಬೋರ್ಡು, ಕುರ್ಚಿ. ಕುರ್ಚಿಯಿಂದ ಎದ್ದುಬಿಟ್ಟಿದ್ದಾನೆ ವಿಕ್ತೋರ್, ಊರುಗೋಲು ಬಿಟ್ಟು, ಕುಂಟುತ್ತಾ, ಟೋಪಿ ಬೀಸುತ್ತಾ, ಲೇ ಕೋಳಿ, ನೀನೇನೇ, ಒಬ್ಳೇ ಬಂದ್ಬಿಟ್ಯಾ, ಆ ಜೊಯೆಲ್ಲಿಗೂ ಮಣ್ಣು ಮುಕ್ಕಿಸ್ಬಿಟ್ಯಾ! ಸೈಕಲ್ ನಿಂತಿತು. ಅವನು ಬೆವರಿನ ಕೆನ್ನೆಗೆ ಮುತ್ತು ಕೊಟ್ಟ, ನಗುತ್ತಿದ್ದಾನೆ, ಆ ದಿನದಿಂದ ಇಷ್ಟು ನಕ್ಕಿರಲಿಲ್ಲ, ಕೈ ಕೊಡೇ, ಗೆದ್ದೋರ ಕೈ ಮೇಲೆತ್ತಬೇಕು, ಇಡೀ ಊರು ನೋಡ್ಲಿ, ಕೊಡೇ ಕೈ, ಎಲ್ಲಿ ಉಳಿದೋರೆಲ್ಲ, ಯಾಕೆ ಯಾರೂ ಬರ್ತಿಲ್ಲ, ಮಗಾಲಿ? ಅವನ ಬೆರಳು ಅವಳ ಎಡಗೈ ಮೇಲೆ, ಎತ್ತಲು ನೋಡುತ್ತಿದ್ದಾನೆ, ಬಿಡಿಸಲು ನೋಡುತ್ತಿದ್ದಾನೆ, ಅವಳೂ ನೋಡುತ್ತಿದ್ದಾಳೆ, ಅದು ಹ್ಯಾಂಡಲ್ ಮೇಲಿದೆ, ಎಡಗೈ, ಸುಮ್ಮನೆ, ಹ್ಯಾಂಡಲ್ ಮೇಲೆ