ಬೋಗುಣಿಯ ನೀರು

ನನ್ನ ಮಗಳು ವರ್ಡಿಗೂ ಅವಳ ಮಗಳು ಆಲ್ಥಿಯಾಗೂ ಮಾತು ನಿಂತದ್ದು ಈಸ್ಟರ್ ಊಟದ ದಿನ. ಆ ವರ್ಷವೇ ಆಲ್ಥಿಯಾ ನಮ್ಮ ಕೆಂಟಕಿ ಗುಡ್ಡದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡಲು ಸೇರಿದ್ದಳು. ಜೀವಿಗಳು ಒಂದರಿಂದೊಂದು ಬದಲಾಗುತ್ತ ಬಂದವೆಂಬ ಪಾಠವನ್ನೂ ಮಾಡಿದ್ದಳು.

"ಬಿಸಿ ಕಾಫಿ ತಾನಾಗೇ ಆರತ್ತೆ. ಕಟ್ಟಿದ ಕೊಟ್ಟಿಗೆ ತಾನಾಗೇ ಬೀಳತ್ತೆ. ನಿಮ್ಮ ವಿಜ್ಞಾನದ್ದೇ ನಿಯಮ ಅಲ್ವೇನೆ ಅದು? ಮತ್ತೆ ಕೆಸರಿನ ಹುಳ ಅದ್ಹೇಗೆ ಮೇಲೇರಿ ಮನುಷ್ಯ ಆಯ್ತು?" ಎಂದಳು ವರ್ಡಿ, ಹಂದಿಯ ತೊಡೆ ಕೊಯ್ಯುತ್ತ.

"ಹೊರಗಿಂದ ಏನೂ ಬಾರದ ಮುಚ್ಚಿದ ಪಾತ್ರೆಗೆ ಹೇಳೋ ಮಾತಮ್ಮ ಅದು. ಭೂಮಿ ಮೇಲೆ ಸೂರ್ಯ ದಿನಾ ಶಾಖ ಸುರೀತಾನೆ. ಇಲ್ಲಿ ಒಂದಿಷ್ಟು ಕೂಡಿಕೊಂಡ್ರೆ ಅಲ್ಲಿ ಅದಕ್ಕಿಂತ ಜಾಸ್ತಿ ಚೆದುರಿ ಹೋಗಿರತ್ತೆ. ನಿಯಮವೇನೂ ಮುರಿಯಲ್ಲ."

ಆಲ್ಥಿಯಾ ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಬಿಡು, ಹೇಳಿದ್ರೂ ನಿಂಗೆ ತಿಳಿಯಲ್ಲ" ಎಂದುಬಿಟ್ಟಳು. ಎದುರಿಗೆ ಪಾದ್ರಿಯ ಮನೆಯವರೆಲ್ಲ ಕೂತಿದ್ದರು.

ನಮ್ಮ ಚರ್ಚಿನ ಸಭೆಯಲ್ಲಿ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಬೇಸಿಗೆಗೊಮ್ಮೆ ಒಬ್ಬರ ಪಾದ ಒಬ್ಬರು ತೊಳೆಯುತ್ತೇವೆ, ಹೆಂಗಸರದು ಹೆಂಗಸರು. ತಮ್ಮ ಜೊತೆ ಮನಸ್ಸು ಮುರಿದುಕೊಂಡವರ ಕಾಲನ್ನೇ ಮೊದಲು ಹಿಡಿಯಬೇಕು. ಆ ಬೇಸಿಗೆಯ ಪಾದ ತೊಳೆಯುವ ದಿನ ಆಲ್ಥಿಯಾ ಸೊಂಟಕ್ಕೆ ಟವೆಲ್ ಬಿಗಿಯುತ್ತ, "ಅಜ್ಜಿ, ಅಮ್ಮ ಇವತ್ತು ಕಾಲು ಕೊಡದಿದ್ರೆ ನಾನಿನ್ನು ಇಲ್ಲಿಗೆ ಬರಲ್ಲ" ಎಂದಳು. ನಾನು ಟವೆಲಿನ ಗಂಟು ಸರಿಮಾಡಿದೆ.

ಬೋಗುಣಿ ಹಿಡಿದು ಅವಳು ತಾಯಿಯ ಮುಂದೆ ಮೊಣಕಾಲೂರಿದಳು. ವರ್ಡಿ ಬೂಟಿನ ದಾರ ಮುಟ್ಟಲಿಲ್ಲ. ಆ ಸಾಲಿನವರದು ಮುಗಿಯಿತು, ಈ ಸಾಲಿನವರದೂ ಮುಗಿಯಿತು. ಹಾಡು ನಿಂತಿತು. ಹುಡುಗಿ ಏಳಲಿಲ್ಲ. ಕೊನೆಗೆ ವರ್ಡಿ ಬಗ್ಗಿ ನೀರಿಗೆ ಬೆರಳದ್ದಿದಳು.

"ಆರಿಹೋಗಿದೆ."

"ಆರಲೇಬೇಕಲ್ಲ."

"ತಾನಾಗೇ ಬಿಸಿ ಆಗತ್ತೇನೆ?"

"ಇಲ್ಲಮ್ಮ. ಯಾರಾದ್ರೂ ತಂದು ಹಾಕ್ಬೇಕು."

ವರ್ಡಿಯ ತುಟಿಯಂಚು ಒಂದಿಷ್ಟು ಸಡಿಲವಾಯಿತು. "ಮತ್ತೆ ಕೂತಿದ್ದೀಯಲ್ಲ, ಮೇಡಂ. ಹಿಂದುಗಡೆ ಒಲೆ ಮೇಲೆ ಕೆಟ್ಲಿ ಇದೆ, ಹೋಗು."

ಆಲ್ಥಿಯಾ ಕೆಟ್ಲಿ ತರುವಷ್ಟರಲ್ಲಿ ವರ್ಡಿ ಬೂಟು, ಕಾಲುಚೀಲ ಎರಡನ್ನೂ ಬಿಚ್ಚಿಟ್ಟಿದ್ದಳು. ಹುಡುಗಿ ಆ ಒಡೆದ ಹಿಮ್ಮಡಿಗಳನ್ನು ತೊಳೆದು, ಮಡಿಲಲ್ಲಿಟ್ಟುಕೊಂಡು ಒರೆಸಿದಳು.

"ತಿಳಿಯಲ್ಲ ಅಂದದ್ದು ನನ್ನ ತಪ್ಪು, ಅಮ್ಮ."

"ಅವತ್ತೇ ತಿಳಿದಿತ್ತು ಕಣೆ. ಒಪ್ಪಲಿಲ್ಲ, ಅಷ್ಟೆ. ಈಗಲೂ ಒಪ್ಪಿಲ್ಲ."

"ಸರಿ."

"ಏಳು. ಇಲ್ಲಿ ಕೂತ್ಕೋ. ನಿನ್ನ ಕಾಲು ಕೊಡು."

ನೀರಲ್ಲಿ ಆ ಪಾದ ಹಿಡಿದು ವರ್ಡಿ ಸುಮ್ಮನೆ ನೋಡುತ್ತಿದ್ದಳು. ಹೆಬ್ಬೆರಳ ಪಕ್ಕದ ಬೆರಳು ಉದ್ದ, ತುದಿ ಸ್ವಲ್ಪ ಒಳಗೆ ಬಾಗಿದ್ದು. ವರ್ಡಿಯದೂ ಹಾಗೇ, ನನ್ನದೂ ಹಾಗೇ, ನನ್ನವ್ವನದೂ ಹಾಗೇ ಇತ್ತು. ಆ ಬೆರಳನ್ನು ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದಳು.

"ಅಮ್ಮ, ಕಚಗುಳಿ ಆಗತ್ತೆ."

"ಅಲ್ಲಾಡಬೇಡ" ಎಂದಳು ವರ್ಡಿ.