ಕೆರೆದಿಬ್ಬದ ನೆಲ

ಪುಟ್ಟ ವಿಮಾನ ಮನೆಯ ಮೇಲೊಂದು ಸುತ್ತು ಹಾಕಿ ಕೆಮ್ಮಣ್ಣಿನ ಪಟ್ಟಿಯತ್ತ ಇಳಿಯತೊಡಗಿದಾಗ ಮರ್ಲ್ ಕೈ ಒರೆಸಿಕೊಳ್ಳುತ್ತಾ ಜಗಲಿಗೆ ಬಂದಳು.

"ಅವನೇ, ಕೊಳ್ಳೋಕೆ ಬಂದೋನು," ಅಂದ ಅವಳ ಗಂಡ ಕ್ಲೆಮ್. ಮುಖವನ್ನೇನೋ ಸದ್ದಿನ ಕಡೆಗೇ ತಿರುಗಿಸಿದ್ದ, ನೋಟ ಮಾತ್ರ ಬೇರೆಲ್ಲೋ ಇತ್ತು. "ಗಾಡಿ ನೀನೇ ಓಡಿಸು. ಯಾಕೆ ಅಂತ ಕೇಳಿದ್ರೆ ನಂಗೆ ಸೊಂಟನೋವು ಅನ್ನು. ಕಣ್ಣಿನ ಮಾತು ಎತ್ಬೇಡ. ಕುರುಡ ಮಾರ್ತಿದಾನೆ ಅಂತ ಗೊತ್ತಾದ್ರೆ ಚೌಕಾಶಿಗೆ ಕೂತ್ಬಿಡ್ತಾನೆ."

"ದಿಬ್ಬದ ವಿಷಯ?"

"ಅದನ್ನ ದಲ್ಲಾಳಿ ಟ್ರೆವರ್ ಹೇಳ್ತಾನೆ, ಸಮಯ ನೋಡಿ."

"ಸಮಯ ನೋಡೋಕೆ ಅವನೇನು ಕುದುರೆ ಮೇಲೆ ಬಾಜಿ ಕಟ್ತಿದಾನಾ?"

ಕ್ಲೆಮ್ ಜಗಲಿಯ ಕಂಬ ಹಿಡಿದು ಮೆಟ್ಟಿಲಿಳಿದ.

ಮುಲ್ಯಾರಾ ಕುರಿಸ್ಟೇಷನ್ ಅಂದರೆ ಸಾವಿರಾರು ಕುರಿ ಮೇಯುವ ಬಯಲುಜಮೀನು, ಅದರ ಈ ತುದಿಯಿಂದ ಆ ತುದಿಗೆ ಹೋಗಬೇಕೆಂದರೆ ಗಾಡಿಯಲ್ಲೂ ಅರ್ಧ ಹಗಲು ಬೇಕು. ಕ್ಲೆಮ್‌ನ ಅಪ್ಪ ಕಟ್ಟಿದ್ದು, ಕ್ಲೆಮ್ ಬೆಳೆಸಿದ್ದು. ಈಗ ಅವನ ಎರಡು ಕಣ್ಣಿನ ನಡುಭಾಗವೂ ಮಸಿ ಬಳಿದಂತೆ ಕಪ್ಪಾಗಿತ್ತು. ಅಂಚಿನಲ್ಲಷ್ಟೇ ಒಂದಿಷ್ಟು ಬೆಳಕು. ಹೋದ ಚಳಿಗಾಲದಲ್ಲಿ ಮೋಟಾರ್‌ಬೈಕನ್ನು ನೇರ ಬೇಲಿಗೆ ನುಗ್ಗಿಸಿ ಬಿದ್ದ ಮೇಲೆ ಮಾರುವುದೆಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಮರ್ಲ್ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಮನೆಯಿಂದ ಬೇಲಿಗುಂಟ ನಡೆದು ಹೋಗಬಹುದಾದ ಕೆರೆದಿಬ್ಬದ ಆ ತುಂಡು ನೆಲ ತಮ್ಮದಾಗಿಯೇ ಉಳಿಯಬೇಕು, ಇಲ್ಲದಿದ್ದರೆ ಅವಳು ಸಹಿ ಹಾಕುವುದಿಲ್ಲ.

ಅಲ್ಲಿ ರಾಬಿನ್ ಇದ್ದ. ಅವರಿಗಿದ್ದ ಒಬ್ಬನೇ ಮಗ. ದೊಡ್ಡ ನೆರೆಯ ವರ್ಷ ಡಾರ್ಲಿಂಗ್ ನದಿ ಉಕ್ಕಿ, ರಸ್ತೆಯೆಲ್ಲ ಮುಳುಗಿ, ಮಗುವಿನ ಜ್ವರ ನೆತ್ತಿಗೇರಿದಾಗ ಡಾಕ್ಟರ ವಿಮಾನ ಬಂದಿತ್ತು. ಕೆಸರಾದ ಪಟ್ಟಿಯ ಮೇಲೆ ಸುತ್ತಿ ಸುತ್ತಿ, ಇಳಿಯಲಾಗದೆ ವಾಪಸು ಹೋಗಿತ್ತು. ಊರಿನ ಸ್ಮಶಾನಕ್ಕೆ ಒಯ್ಯಲೂ ದಾರಿಯಿರಲಿಲ್ಲ. ಒಣಗಿದ ನೆಲ ಅಂತ ಇದ್ದದ್ದು ಆ ದಿಬ್ಬವೊಂದೇ. ಸುತ್ತಲಿನ ಕಬ್ಬಿಣದ ಕಟಕಟೆಯನ್ನು ಕ್ಲೆಮ್ ತಾನೇ ಬೆಸೆದು ಮಾಡಿದ್ದ.

ಕೊಳ್ಳಲು ಬಂದ ಪ್ಯಾಸ್ಕೋ ದಪ್ಪ ಕುತ್ತಿಗೆಯ, ಕಡಿಮೆ ಮಾತಿನ ಮನುಷ್ಯ. ಉತ್ತರದ ಕಡೆ ಆಗಲೇ ಎರಡು ಸ್ಟೇಷನ್ ಕೊಂಡಿದ್ದ. ಅವನು ಮರ್ಲ್ ಪಕ್ಕದಲ್ಲಿ ಕೂತ. ಹಿಂದಿನ ಸೀಟಿನಲ್ಲಿ ಕ್ಲೆಮ್, ದಲ್ಲಾಳಿ ಟ್ರೆವರ್. ಉಣ್ಣೆ ಕತ್ತರಿಸುವ ಶೆಡ್ಡು, ಕೊಳವೆಬಾವಿಗಳು, ಉಪ್ಪುಗಿಡದ ಬಯಲು, ಒಂದೊಂದನ್ನೂ ಟ್ರೆವರ್ ತನ್ನದೇ ಮನೆ ಎಂಬಂತೆ ಹೊಗಳಿದ. ಪ್ಯಾಸ್ಕೋ ಅಲ್ಲಲ್ಲಿ ಇಳಿದು ಮಣ್ಣನ್ನು ಬೂಟಿನಲ್ಲಿ ಕೆದಕಿ ನೋಡಿದ. ಬಿಸಿಲು ಇಳಿಮುಖವಾದಾಗ ಗಾಡಿ ಕೆರೆಯ ಕಡೆ ತಿರುಗಿತು.

"ಅಗೋ, ಆ ದಿಬ್ಬ ಚೆನ್ನಾಗಿದೆ," ಅಂದ ಪ್ಯಾಸ್ಕೋ. "ನೀರು ಪಕ್ಕದಲ್ಲೇ, ನೆಲ ಗಟ್ಟಿ. ಬುಲ್ಡೋಜರ್ ಬಿಟ್ಟು ಸಮ ಮಾಡಿದ್ರೆ ದೊಡ್ಡ ದೊಡ್ಡಿ ಹಾಕ್ಬಹುದು."

ಮರ್ಲ್ ಆ ಕಡೆ ನೋಡಿದಳು. ವಿಲ್ಗಾ ಮರ ಇತ್ತು. ಮರದ ಕೆಳಗೆ ಏನೂ ಇರಲಿಲ್ಲ. ಕಟಕಟೆ ಇಲ್ಲ, ಶಿಲುಬೆ ಇಲ್ಲ. ಕುಂಟೆ ಎಳೆದ ಗೀರುಗಳು ಮಾತ್ರ ಕೆಂಪು ಮಣ್ಣಿನ ಮೇಲೆ ಹಸಿಹಸಿಯಾಗಿದ್ದವು.

ಬ್ರೇಕಿಗೆ ಕಾಲು ಹೋದದ್ದು ಅವಳಿಗೇ ತಿಳಿಯಲಿಲ್ಲ. ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು.

"ಏನಾಯ್ತು?" ಅಂದ ಪ್ಯಾಸ್ಕೋ. ಅವನ ಕಣ್ಣೂ ಅವಳ ಕಣ್ಣಿನ ಹಿಂದೆಯೇ ಹೋಯಿತು. "ಅಲ್ಲಿ ಏನೋ ಅಗೆದಂಗಿದೆ?"

ಟ್ರೆವರ್ ಹಿಂದಿನಿಂದ ಚಟ್ಟನೆ ಬಾಯಿ ಹಾಕಿದ. "ಏನಿಲ್ಲ ಸಾರ್. ಹಳೇ ನಾಯಿಗಳನ್ನ ಹೂತಿರ್ತಾರೆ. ಇಲ್ಲೆಲ್ಲ ಅದು ಮಾಮೂಲಿ."

ಮರ್ಲ್ ತಿರುಗಿ ಗಂಡನ ಕಡೆ ನೋಡಿದಳು. ಅವನು ಕೈಗಳನ್ನು ತೊಡೆಯ ನಡುವೆ ಒತ್ತಿ ಹಿಡಿದುಕೊಂಡಿದ್ದ. ಬೆರಳಿನ ಗಿಣ್ಣುಗಳ ಮೇಲೆ ತುಕ್ಕಿನ ಬಣ್ಣ. ಬೆಳಗಿನ ಜಾವ ಹಾಸಿಗೆ ಬರಿದಾಗಿತ್ತು, ಕಾಫಿ ಕುಡಿಯಲು ಎದ್ದಿರಬೇಕು ಅಂದುಕೊಂಡು ಅವಳು ಮಗ್ಗುಲು ಬದಲಿಸಿದ್ದಳು.

"ನಾಯಿ ಅಲ್ಲ," ಅಂದ ಕ್ಲೆಮ್.

"ಕ್ಲೆಮ್, ಆಮೇಲೆ ಮಾತಾಡೋಣ..."

"ಬಾಯ್ಮುಚ್ಚು ಟ್ರೆವರ್. ನಾಯಿ ಅಲ್ಲ. ನನ್ನ ಮಗ."

ಅವನು ಬಾಗಿಲು ತೆರೆದು ಇಳಿದ. ದಿಬ್ಬದ ಕಡೆಗೆ ನಡೆದ, ನೇರವಾಗಿ ಅಲ್ಲ, ಗಾಳಿಗೆ ಸಿಕ್ಕವನಂತೆ ಓರೆಯಾಗಿ. ಹಾದಿ ತೋರಿಸಲು ಇದ್ದ ಕಟಕಟೆಯನ್ನು, ಕೊಳ್ಳುವವನಿಗೆ ಕಾಣದಿರಲೆಂದು, ಅವನೇ ಕಿತ್ತಿದ್ದ. ಕಾಲಿನಿಂದ ತಡಕಾಡುತ್ತಾ ಮರವನ್ನು ದಾಟಿದ, ದಾಟಿ ಇನ್ನೂ ಮುಂದೆ ಹೋದ. ಅದರಾಚೆ ಕೆರೆಯ ಕಡಿದಾದ ದಂಡೆ.

"ಅಮ್ಮಾ, ಅವರು ನೀರಿನ ಕಡೆ ಹೋಗ್ತಿದಾರೆ," ಅಂದ ಪ್ಯಾಸ್ಕೋ.

ಮರ್ಲ್ ಸ್ಟಿಯರಿಂಗ್ ಹಿಡಿದೇ ಕೂತಿದ್ದಳು. ಹೋಗಲಿ ಅನ್ನಿಸಿತು. ಆ ಗಳಿಗೆಯಲ್ಲಿ ನಿಜವಾಗಿಯೂ ಹಾಗೇ ಅನ್ನಿಸಿತು. ಪ್ಯಾಸ್ಕೋ ಬಾಗಿಲಿಗೆ ಕೈ ಹಾಕಿದಾಗ ಅವಳು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು.

"ನಿಲ್ಲು! ಹಿಂದಕ್ಕೆ ಬಾ. ಎಡಕ್ಕೆ. ಇನ್ನೂ ಎಡಕ್ಕೆ. ಅಯ್ಯೋ, ಅವನ ಮೇಲೇ ನಿಂತಿದೀಯಲ್ಲೋ, ಒಂದಿಷ್ಟು ಸರಿ."

ಕ್ಲೆಮ್ ಸರಿದು ನಿಂತ. ಪ್ಯಾಸ್ಕೋ ಇಳಿದು ಹೋಗಿ ಅವನೆದುರು ನಿಂತ. ಮರ್ಲ್ ಹಿಂದೆಯೇ ಹೋದಳು.

"ನಂಗೆ ಸುಳ್ಳು ಹೇಳೋರ ಹತ್ರ ವ್ಯವಹಾರ ಆಗಲ್ಲ," ಅಂದ ಪ್ಯಾಸ್ಕೋ. "ಇನ್ನೇನೇನು ಮುಚ್ಚಿಟ್ಟಿದೀರಿ ಯಜಮಾನ್ರೇ?"

"ನನ್ನ ಕಣ್ಣು."

"ಅದು ಬಂದ ತಕ್ಷಣ ಗೊತ್ತಾಯ್ತು ಬಿಡಿ. ನಾನು ಕೈ ಚಾಚಿದ್ರೆ ನೀವು ಪೈಲಟ್ ಕೈ ಕುಲುಕಿದ್ರಿ." ಅವನು ನಗಲಿಲ್ಲ. ಮರ್ಲ್ ಕಡೆ ತಿರುಗಿದ. "ನಿಮ್ಗೇನು ಬೇಕು?"

"ಈ ಜಾಗ. ಬಂದು ಹೋಗೋಕೊಂದು ದಾರಿ. ಬಾಯಿಮಾತಲ್ಲಿ ಬೇಡ, ಕ್ರಯಪತ್ರದಲ್ಲೇ ಬರೀಬೇಕು."

"ಸರ್ವೆ ಅಂತ ತಿಂಗಳುಗಟ್ಲೆ ಹಿಡಿಯುತ್ತೆ."

"ಹಿಡೀಲಿ."

ಪ್ಯಾಸ್ಕೋ ಟೀ ಕೂಡ ಕುಡಿಯದೆ ವಿಮಾನ ಹತ್ತಿದ. ಟ್ರೆವರ್ ಹೋಗುವಾಗ, "ಕೈಗೆ ಬಂದ ತುತ್ತು ಚೆಲ್ಲಿಕೊಂಡ್ರಿ, ಇಬ್ರೂ ಸೇರಿ," ಅಂದ.

ಮಾರನೆಯ ದಿನವೆಲ್ಲ ಮನೆಯಲ್ಲಿ ತಟ್ಟೆ ಲೋಟಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅದರ ಮರುದಿನ ಮಧ್ಯಾಹ್ನ ಫೋನು ಬಂತು. ಪ್ಯಾಸ್ಕೋ ಕೊಳ್ಳುತ್ತಾನೆ, ದಿಬ್ಬವನ್ನು ಬಿಟ್ಟು. ಸರ್ವೆಗೆ ಹಿಡಿಯುವ ಕಾಲಕ್ಕೆ ಬೆಲೆಯಲ್ಲಿ ಒಂದಷ್ಟು ಮುರಿದುಕೊಳ್ಳುತ್ತಾನೆ. ಮರ್ಲ್ "ಆಗಲಿ" ಎಂದು ಫೋನಿಟ್ಟು, ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಕಟಕಟೆ ಎಲ್ಲಿಟ್ಟಿದೀಯ?"

"ಶೆಡ್ಡಲ್ಲಿ. ಉಣ್ಣೆ ಚೀಲದ ಹಿಂದೆ."

ಅವಳೇ ಹುಡುಕಿ ತಂದು ಗಾಡಿಗೆ ಹೇರಿದಳು. ದಿಬ್ಬದ ಮೇಲೆ ಅವಳು ಗುಣಿ ತೋಡಿದಳು, ಅವನು ಕಬ್ಬಿಣ ಹಿಡಿದು ನಿಂತ. ಬಿಸಿಲು ಇನ್ನೂ ಸುಡುತ್ತಿತ್ತು.

"ಕೀಳೋಕೆ ಹೆಂಗೆ ಮನಸ್ಸು ಬಂತು ನಿಂಗೆ?" ಅಂದಳು, ತಲೆಯೆತ್ತದೆ.

"ಕಾಣ್ತಿರಲಿಲ್ಲ," ಅಂದ ಕ್ಲೆಮ್. "ಕಂಡಿದ್ರೆ ಕೀಳೋಕಾಗ್ತಿರಲಿಲ್ಲ, ಮರ್ಲ್."

ಅವಳು ಅವನ ಕೈಯನ್ನೆಳೆದು ಕಂಬದ ಮೇಲಿಟ್ಟು, ಮಣ್ಣು ಒತ್ತಲು ಇನ್ನೊಂದು ಗುಣಿಗೆ ಬಗ್ಗಿದಳು.

ಅಷ್ಟರಲ್ಲಿ ನೀರಿಗೆ ಬರುವ ಕುರಿಗಳು ಬಯಲಿನಿಂದ ಸಾಲಾಗಿ ದಿಬ್ಬ ಹತ್ತಿ ಬಂದವು. ಮುಂದಿನದು ಇವರನ್ನು ಕಂಡು ನಿಂತಿತು. ಹಿಂದಿನವು ಒತ್ತಿದವು. ಆಮೇಲೆ ಸಾಲು ಎರಡಾಗಿ ಸೀಳಿ, ಇಬ್ಬರ ಅತ್ತಲೂ ಇತ್ತಲೂ ಧೂಳೆಬ್ಬಿಸುತ್ತಾ ಹರಿಯತೊಡಗಿತು. ಕ್ಲೆಮ್ ಒಂದು ಕೈ ಕೆಳಗೆ ಇಳಿಬಿಟ್ಟ. ಬೆನ್ನುಗಳು ಒಂದಾದ ಮೇಲೊಂದು ಅವನ ಅಂಗೈಗೆ ತಾಗುತ್ತಾ ಹೋದವು.